ಯಾವ ಮಾರಯ್ಯ?

ಒಂದೇ ಹೆಸರಿನ ಇಬ್ಬರು ಕವಿಗಳು ಸಿಕ್ಕಿಬಿಟ್ಟರೆ ನಮ್ಮ ಪಂಡಿತರಿಗೆ ಹಬ್ಬ. ನಾಗವರ್ಮನನ್ನೇ ನೋಡಿ. 'ಛಂದೋಂಬುಧಿ', 'ಕರ್ಣಾಟಕ ಕಾದಂಬರಿ' ಬರೆದವನು ಒಬ್ಬ, ಅವನು ಒಂದನೇ ನಾಗವರ್ಮ. 'ಕಾವ್ಯಾವಲೋಕನ', 'ಕರ್ಣಾಟಕ ಭಾಷಾಭೂಷಣ', 'ವಸ್ತುಕೋಶ' ಬರೆದವನು ಇನ್ನೊಬ್ಬ, ಅವನು ಎರಡನೇ ನಾಗವರ್ಮ. ಇಷ್ಟಕ್ಕೇ ಮುಗಿಯಲಿಲ್ಲ. ಒಂದನೆಯವನೇ ನಿಜವಾಗಿ ಒಬ್ಬನೋ ಇಬ್ಬರೋ, ಎರಡನೆಯವನ ಕಾಲ ಹನ್ನೊಂದನೇ ಶತಮಾನವೋ ಹನ್ನೆರಡೋ ಅಂತ ಕವಿಚರಿತೆಯ ಕಾಲದಿಂದಲೂ ವಾದ ನಡೆದಿದೆ. ಈ ನಾಗವರ್ಮರ ಮೇಲೆ ಹತ್ತು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದು ಪಾಸಾದವನು ನಾನೂ ಒಬ್ಬ. ಆ ಶ್ರಮವನ್ನು ನಾನು ಹಳಿಯೋದಿಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬನ ಲೆಕ್ಕಕ್ಕೆ ಹಾಕಬಾರದು ಅನ್ನೋದು ನ್ಯಾಯದ ಮಾತೇ.

ನನ್ನ ಪ್ರಶ್ನೆ ಇಷ್ಟೆ: ಈ ನ್ಯಾಯ ಮಾರಯ್ಯನಿಗೆ ಯಾಕೆ ಸಿಗಲಿಲ್ಲ?

ಯಾವ ಮಾರಯ್ಯ ಅಂತ ನೀವು ಕೇಳಬೇಕು. ಕೇಳದೆ ಇದ್ದರೆ ತಪ್ಪು ನಿಮ್ಮದಲ್ಲ, ನಮಗೆ ಪಾಠ ಮಾಡಿದವರೂ ಕೇಳಿರಲಿಲ್ಲ. ವಚನಕಾರರಲ್ಲಿ ಮಾರಯ್ಯ, ಮಾರಿತಂದೆ ಅನ್ನೋ ಹೆಸರಿನವರು ಒಬ್ಬಿಬ್ಬರಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಆಯ್ದಕ್ಕಿ ಮಾರಯ್ಯ. ಕಟ್ಟಿಗೆ ಹೊರೆ ಹೊತ್ತು ಮಾರುವ ಮೋಳಿಗೆ ಮಾರಯ್ಯ. ಹೆಂಡ ಮಾರುವ ಹೆಂಡದ ಮಾರಯ್ಯ. ಕೂಗಿ ಎಚ್ಚರಿಸುವ ಕೂಗಿನ ಮಾರಯ್ಯ. ಸತ್ತಿಗೆ, ಅಂದರೆ ಕೊಡೆ, ಹಿಡಿಯುವ ಕಾಯಕದ ಮಾರಿತಂದೆ. ನಗಿಸುವ ನಗೆಯ ಮಾರಿತಂದೆ. ಗೋಡೆಗೆ ಕನ್ನ ಕೊರೆಯುವ ಕಸುಬನ್ನೇ ಹೆಸರಿಗೆ ಅಂಟಿಸಿಕೊಂಡ ಕನ್ನದ ಮಾರಿತಂದೆ. ಕಸುಬಿನಿಂದಲ್ಲದೆ ಗುಣದಿಂದ ಗುರುತಾದ ಅರಿವಿನ ಮಾರಿತಂದೆ, ಮನಸಂದ ಮಾರಿತಂದೆ ಬೇರೆ ಇದ್ದಾರೆ.

ಇವರಿಗೆ ಒಂದನೇ ಎರಡನೇ ಅಂತ ನಂಬರು ಬೇಕಾಗಲಿಲ್ಲ. ರಾಜರಿಗೆ ನಂಬರು ಬೇಕು, ಯಾಕೆಂದರೆ ಎಲ್ಲ ರಾಜರ ಕೆಲಸವೂ ಒಂದೇ. ದುಡಿಯುವವನಿಗೆ ಅವನ ಕೈಯಲ್ಲಿರೋ ವಸ್ತುವೇ ಗುರುತು. ಅಕ್ಕಿ, ಹೊರೆ, ಹೆಂಡದ ಗಡಿಗೆ, ಕೊಡೆ. ಹೆಸರು ಹತ್ತು ಜನಕ್ಕೂ ಒಂದೇ ಇರಬಹುದು, ಹೊರೆ ಹೊತ್ತ ಹೆಗಲಿನ ಗಂಟು ಒಬ್ಬನದೇ.

ಇದು ಬರೀ ಗುರುತಿನ ಚೀಟಿಯಾಗಿದ್ದರೆ ವಿಮರ್ಶೆಗೆ ಇದರಲ್ಲಿ ಕೆಲಸ ಇರುತ್ತಿರಲಿಲ್ಲ. ಆದರೆ ಹೆಸರಿನ ಮುಂದಿರೋ ಕಸುಬು ವಚನದ ಒಳಗೂ ಬರುತ್ತದೆ. ಹೆಂಡದ ಮಾರಯ್ಯನಿಗೆ ಭಕ್ತಿಯ ಅಮಲನ್ನು ಹೇಳೋದಕ್ಕೆ ಗಡಿಗೆಯೇ ಬೇಕು. ಕನ್ನದ ಮಾರಿತಂದೆಗೆ ಕತ್ತಲೆ ಬೇಕು, ಗೋಡೆ ಬೇಕು. ಚೌಡಯ್ಯಂದಿರಿಬ್ಬರನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬಹುರೂಪಿ ಚೌಡಯ್ಯ ವೇಷ ಕಟ್ಟಿ ಆಡುವವನು. ಅವನ ಮಾತು ವೇಷವನ್ನು ಹಾಕುತ್ತದೆ, ಕಳಚುತ್ತದೆ, ನಿಜವಾದ ಮುಖ ಯಾವುದು ಅಂತ ಕೇಳುತ್ತದೆ. ಅವನ ಅಂಕಿತ 'ರೇಕಣ್ಣಪ್ರಿಯ ನಾಗಿನಾಥ'. ಅಂಬಿಗರ ಚೌಡಯ್ಯನ ಮಾತಿಗೆ ಬಳಸುದಾರಿ ಗೊತ್ತಿಲ್ಲ. ಹೊಳೆಯಲ್ಲಿ ಹುಟ್ಟು ಹಾಕುವವನು ದಡದಲ್ಲಿ ನಿಂತವನಿಗೆ ಕೂಗಿ ಹೇಳುವ ಗಂಟಲು ಅದು. ಬೈಗುಳವನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲ್ಲ. ಬೇರೆಯವರೆಲ್ಲ ವಚನದ ಕೊನೆಗೆ ದೇವರ ಹೆಸರನ್ನೋ ಗುರುವಿನ ಹೆಸರನ್ನೋ ಇಟ್ಟರೆ ಇವನು 'ಅಂಬಿಗರ ಚೌಡಯ್ಯ' ಅಂತ ತನ್ನ ಕಸುಬು, ತನ್ನ ಹೆಸರು ಎರಡನ್ನೂ ಇಟ್ಟು ರುಜು ಮಾಡಿದ. ಎಂಥ ಸಂಪಾದಕ ಬಂದರೂ ಅವನ ದೋಣಿಯನ್ನು ಅವನಿಂದ ಬಿಡಿಸೋದಕ್ಕೆ ಆಗಲ್ಲ.

ಮಾರಯ್ಯಂದಿರಿಗೆ ಆ ಭಾಗ್ಯ ಇಲ್ಲ. ಕೂಗಿನ ಮಾರಯ್ಯನ ಅಂಕಿತವೂ ನಗೆಯ ಮಾರಿತಂದೆಯ ಅಂಕಿತವೂ 'ಮಾರೇಶ್ವರ' ಅಂತಲೇ ಮುಗಿಯುತ್ತವೆ. ಅದರ ಹಿಂದಿನ ಒಂದು ಪದ ಮಾತ್ರ ಬೇರೆ. ಓಲೆಗರಿ ಪ್ರತಿಮಾಡುವವನ ಕೈ ಅಲ್ಲಿ ಜಾರಿದರೆ ಒಬ್ಬನ ದುಡಿಮೆ ಇನ್ನೊಬ್ಬನ ಮನೆಗೆ ಹೋಯಿತು ಅಂತಲೇ ಲೆಕ್ಕ. ಹಳಬರು ಈ ವಿಷಯದಲ್ಲಿ ನಮಗಿಂತ ಹುಷಾರಾಗಿದ್ದರು. 'ಶೂನ್ಯಸಂಪಾದನೆ' ಆಯ್ದಕ್ಕಿ ಮಾರಯ್ಯನಿಗೂ ಮೋಳಿಗೆ ಮಾರಯ್ಯನಿಗೂ ಬೇರೆ ಬೇರೆ ಅಧ್ಯಾಯ ಕೊಟ್ಟಿದೆ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸದೆ ಇದ್ದಿದ್ದರೆ ನನ್ನಂಥವನ ಕೈಗೆ ಈ ಹೆಸರುಗಳೇ ಬರುತ್ತಿರಲಿಲ್ಲ. ಹೆಸರು ಉಳಿಸಿದವರ ಮೇಲೆ ನನ್ನ ಸಿಟ್ಟಿಲ್ಲ. ಉಳಿದ ಹೆಸರನ್ನು ನಾವು ಏನು ಮಾಡಿದೆವು ಅನ್ನೋದರ ಮೇಲೆ ಸಿಟ್ಟು.

ಮೊದಲನೆಯದಾಗಿ, ಒಬ್ಬ ಮಾರಯ್ಯನನ್ನು ರಾಜನನ್ನಾಗಿ ಮಾಡಿದೆವು. ಮೋಳಿಗೆ ಮಾರಯ್ಯ ಮೂಲದಲ್ಲಿ ಕಾಶ್ಮೀರದ ಅರಸನಂತೆ, ಹೆಸರು ಮಹಾದೇವ ಭೂಪಾಲನಂತೆ, ಬಸವಣ್ಣನ ಕೀರ್ತಿ ಕೇಳಿ ರಾಜ್ಯ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊತ್ತನಂತೆ. ಕಥೆ ಹಳೆಯದು, ಪುರಾಣಗಳಿಂದ ಬಂದದ್ದು. ನಿಜವೋ ಸುಳ್ಳೋ ಅಂತ ನಾನು ಜಗಳಕ್ಕೆ ನಿಲ್ಲಲ್ಲ. ಆದರೆ ಮೋಳಿಗೆ ಮಾರಯ್ಯನ ಬಗ್ಗೆ ಏನು ಗೊತ್ತು ಅಂತ ಯಾರನ್ನಾದರೂ ಕೇಳಿ ನೋಡಿ, ಕಾಶ್ಮೀರ ಮೊದಲು ಬರುತ್ತದೆ, ಕಟ್ಟಿಗೆ ಆಮೇಲೆ. ಕಟ್ಟಿಗೆ ಹೊರುವವನು ಬರೀ ಕಟ್ಟಿಗೆ ಹೊರುವವನೇ ಆಗಿದ್ದು ಇಷ್ಟು ಒಳ್ಳೆಯ ವಚನ ಬರೆದ ಅಂದರೆ ನಂಬೋದಕ್ಕೆ ಕಷ್ಟವೆ? ಹೊರೆಯ ಕೆಳಗೊಂದು ಕಿರೀಟ ಇದ್ದರೇ ತಲೆಗೆ ಬೆಲೆಯೆ? ನಮ್ಮೂರ ಕಡೆ ತಲೆ ಮೇಲೆ ಸೌದೆ ಹೊತ್ತು ಸಂತೆಗೆ ಹೋಗ್ತಿದ್ದ ಹೆಂಗಸರನ್ನು ನಾನು ಚಿಕ್ಕವನಾಗಿದ್ದಾಗ ನೋಡಿದ್ದೇನೆ. ಅವರಲ್ಲಿ ಯಾರೂ ಕಾಶ್ಮೀರದಿಂದ ಬಂದಿರಲಿಲ್ಲ.

ಇನ್ನೊಬ್ಬ ಮಾರಯ್ಯ ರಾಯಚೂರು ಕಡೆಯವನು, ಆಯ್ದಕ್ಕಿಯವನು. ಅವನಿಗೆ ರಾಜನ ಕಥೆ ಇಲ್ಲ. ಬದಲಿಗೆ ಅವನ ಹೆಂಡತಿ ಲಕ್ಕಮ್ಮನ ಕಥೆ ಇದೆ, ಎಲ್ಲರಿಗೂ ಗೊತ್ತಿರೋದೇ. ಒಂದು ದಿನ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಬಾಗಿಲಲ್ಲೇ ತಡೆದು, ಇಷ್ಟೊಂದು ಆಸೆ ಅರಸರಿಗೆ ಸರಿ, ನಮಗಲ್ಲ, ಹೆಚ್ಚಿನದನ್ನು ತಗೊಂಡು ಹೋಗಿ ಅಲ್ಲೇ ಸುರಿದು ಬಾ ಅಂದಳು. ಅರಸುತನವನ್ನು ಹೀಗೆ ಕಾಲಲ್ಲಿ ಒದ್ದ ಹೆಣ್ಣು ಒಬ್ಬ ಮಾರಯ್ಯನ ಮನೆಯಲ್ಲಿರುವಾಗ, ನಾವು ಇನ್ನೊಬ್ಬ ಮಾರಯ್ಯನಿಗೆ ಅರಸುತನವನ್ನು ಹುಡುಕಿಕೊಟ್ಟು ದೊಡ್ಡವನನ್ನಾಗಿ ಮಾಡಿದ್ದೇವೆ.

ಎರಡನೆಯದು ಇನ್ನೂ ದೊಡ್ಡ ಕಳವು. ಕಾಯಕವನ್ನೇ ಕೈಲಾಸ ಅನ್ನುವ ಮಾತು ಯಾರದು? ಕಚೇರಿ ಗೋಡೆ, ಬಸ್ಸಿನ ಹಿಂಭಾಗ, ಮಂತ್ರಿಗಳ ಭಾಷಣ, ಎಲ್ಲ ಕಡೆಯೂ ಬಸವಣ್ಣನ ಚಿತ್ರದ ಕೆಳಗೆ ಈ ಮಾತು. ಬಸವಣ್ಣ ದೊಡ್ಡವನು, ಅವನ ಖಾತೆಗೆ ಯಾರೂ ಏನೂ ಜಮಾ ಮಾಡಬೇಕಾಗಿಲ್ಲ. ಆ ಮಾತು ಇರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, 'ಅಮರೇಶ್ವರಲಿಂಗ' ಅನ್ನೋ ಅಂಕಿತದ ಜೊತೆಗೆ. ಅದೇ ವಚನದಲ್ಲಿ ಅವನು ಇನ್ನೊಂದು ಮಾತು ಹೇಳುತ್ತಾನೆ, ಅದನ್ನು ಯಾವ ಕಚೇರಿಯೂ ಗೋಡೆ ಮೇಲೆ ಬರೆಸಲ್ಲ. ಕಾಯಕದಲ್ಲಿ ಮುಳುಗಿದವನು ಗುರು ಬಂದರೂ ಮರೆಯಬೇಕು, ಲಿಂಗಪೂಜೆ ಮರೆಯಬೇಕು, ಜಂಗಮ ಎದುರಿಗೆ ಬಂದು ನಿಂತರೂ ಅವನ ಹಂಗು ಹರಿಯಬೇಕು ಅನ್ನೋ ಅರ್ಥದ ಮಾತು ಅದು. ಅಕ್ಕಿ ಆಯುವವನ ಬಾಯಲ್ಲಿ ಬಂದಾಗ ಇದು ಎಂಥ ಸೊಕ್ಕು ನೋಡಿ! ಬಗ್ಗಿ ಕಾಳು ಹೆಕ್ಕುತ್ತಿರುವವನು ಗುರುವಿಗೂ ತಲೆ ಎತ್ತಲ್ಲ ಅನ್ನುತ್ತಾನೆ. ಅವನ ಹೆಸರು ತೆಗೆದು ಮಂತ್ರಿ ಪದವಿಯಲ್ಲಿದ್ದವನ ಹೆಸರು ಹಾಕಿದ ತಕ್ಷಣ ಅದೇ ಮಾತು ದುಡಿಯುವವನಿಗೆ ಮೇಲಿನವನು ಹೇಳುವ ಬುದ್ಧಿವಾದ ಆಗಿಬಿಡುತ್ತದೆ. ಬಾಯ್ಮುಚ್ಕೊಂಡು ಕೆಲ್ಸ ಮಾಡು, ಅದೇ ಸ್ವರ್ಗ. ಅಕ್ಷರ ಒಂದೂ ಬದಲಾಗಲಿಲ್ಲ, ಅರ್ಥ ತಲೆಕೆಳಗಾಯಿತು. ಆದ್ದರಿಂದಲೇ ಯಾವ ಮಾರಯ್ಯ ಅಂತ ಕೇಳೋದು ಪಂಡಿತರ ಚಟ ಅಲ್ಲ, ನಮ್ಮ ಹೊಟ್ಟೆಪಾಡಿನ ಪ್ರಶ್ನೆ.

ಹೆಂಗಸರ ಕಡೆ ಬಂದರೆ ಇಷ್ಟೂ ಗುರುತು ಸಿಗಲ್ಲ. ಸರ್ಕಾರ 1993ರಲ್ಲಿ ತಂದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರದು, ವೀರಣ್ಣ ರಾಜೂರರ ಸಂಪಾದನೆ. ಅದರಲ್ಲಿ ಮೂವರು ಕಾಳವ್ವೆಯರಿದ್ದಾರೆ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ. ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ. ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ. ಮೂರನೆಯದನ್ನು ಇನ್ನೊಂದು ಸಲ ಓದಿ. ಕಾಯಕ ಗಂಡನದು, ಬಾಚಿ ಹಿಡಿಯುವವನು ಅವನು. ಅವಳು ಆ ಕಾಯಕದವನ ಹೆಂಡತಿ. ಮೂವರೂ ಬೇರೆ ಬೇರೆ ಅಂಕಿತ ಇಟ್ಟು ಬರೆದವರು, ಆದರೆ ಇವರ ಕೈಯಲ್ಲಿ ಏನಿತ್ತು ಅಂತ ದಾಖಲೆ ಹೇಳಲ್ಲ. ಕೈಯಲ್ಲಿ ಏನೋ ಇದ್ದವರೂ ಇದ್ದಾರೆ, ನಿಜ. ಕದಿರು ಹಿಡಿದು ನೂಲುವ ಕದಿರ ರೆಮ್ಮವ್ವೆ ಇದ್ದಾಳೆ, ಹೆಚ್ಚುಕಡಿಮೆ ಅದೇ ಹೆಸರಿನ ಕನ್ನಡಿ ಕಾಯಕದ ರೇಮಮ್ಮ ಇದ್ದಾಳೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ಇದ್ದಾಳೆ. ಅವರನ್ನು ಗುರುತು ಹಿಡಿಯೋದಕ್ಕೆ ಗಂಡ ಬೇಕಾಗಲಿಲ್ಲ. ಆದರೆ ಅಂಥವರು ಕಡಿಮೆ.

ಪಹಣಿ ಓದೋದಕ್ಕೆ ಬರುವವರಿಗೆ ಇದು ಹೊಸದಲ್ಲ. ಅಲ್ಲಿ ಗಂಡಸಿಗೆ 'ಬಿನ್', ಹೆಂಗಸಿಗೆ 'ಕೋಂ'. ಇಂಥವರ ಮಗ, ಇಂಥವರ ಹೆಂಡತಿ. 'ಪುಣ್ಯಸ್ತ್ರೀ' ಅನ್ನೋದು ಹಳಗಾಲದ 'ಕೋಂ' ಅಷ್ಟೆ, ಸ್ವಲ್ಪ ವಿಭೂತಿ ಹಚ್ಚಿದೆ.

ನಮ್ಮ ಕೇರಿಗಳು ಈ ವಿಷಯದಲ್ಲಿ ಕಲ್ಯಾಣದ ದಾರಿಯನ್ನೇ ಹಿಡಿದಿವೆ, ಯಾರೂ ಕಲಿಸದೆ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡ್ತಾರೆ. ಮನೆದೇವರು ಮಲೆ ಮಾದೇಶ್ವರ ಆದಮೇಲೆ ಬೀದಿಗೆ ನಾಲ್ಕು ಮಾದೇವ. ಯಾರಾದರೂ ಬಂದು ಮಾದೇವನ ಮನೆ ಎಲ್ಲಿ ಅಂದರೆ, "ಯಾವ್ ಮಾದೇವ ಬುದ್ಧೀ? ಗಾರೆ ಮಾದೇವ್ನ, ತಮಟೆ ಮಾದೇವ್ನ, ಲಾರಿ ಮಾದೇವ್ನ?" ಅಂತ ಕೇಳ್ತಾರೆ. ಕೇರಿಗೆ ಇದು ದಿನನಿತ್ಯದ ಮಾತು, ಇದರಲ್ಲಿ ಅವಮಾನ ಇಲ್ಲ. ಇದೇ ಮಾದೇವ ಶಾಲೆಯ ದಾಖಲಾತಿ ಪುಸ್ತಕಕ್ಕೆ ಹೋದಾಗ ಅವನಪ್ಪನ ಕಸುಬಿನ ಕಡೆ ಮೂವರಿಗೂ ಒಂದೇ ಪದ ಬೀಳುತ್ತದೆ: ಕೂಲಿ. ಗಾರೆ ಕೆಲಸದ ಕೈಚಳಕ, ತಮಟೆಯ ಗತ್ತು, ಲಾರಿ ಓಡಿಸುವ ನಿದ್ದೆಗಣ್ಣು, ಎಲ್ಲ ಎರಡಕ್ಷರದಲ್ಲಿ ಮಣ್ಣುಪಾಲು.

ಇಲ್ಲಿ ಗೆಳೆಯರು ಒಂದು ಪ್ರಶ್ನೆ ಎತ್ತುತ್ತಾರೆ, ಎತ್ತಲೇಬೇಕು. ಕಸುಬಿನಿಂದ ಕರೆಯೋದನ್ನು ಇಷ್ಟು ಹೊಗಳುತ್ತೀಯಲ್ಲ, ಕಸುಬಿನ ಹೆಸರಿನಿಂದ ತಪ್ಪಿಸಿಕೊಳ್ಳೋದಕ್ಕೇ ಅಲ್ಲವಾ ನಾವು ಓದಿದ್ದು? ಸರಿಯಾದ ಪ್ರಶ್ನೆ. ಆಯ್ದಕ್ಕಿ ಬೇರೆ, ಮಾದಾರ ಬೇರೆ. ಅಕ್ಕಿ ಆಯೋದನ್ನು ಮಾರಯ್ಯ ಹಿಡಿಯಬಹುದು, ಬಿಡಬಹುದು. ಚನ್ನಯ್ಯನ ಮುಂದಿನ 'ಮಾದಾರ'ವನ್ನು ಚನ್ನಯ್ಯ ಬಿಟ್ಟರೂ ಊರು ಬಿಡಲ್ಲ. ಅದು ಕಸುಬಿನ ದಾಖಲೆಯಲ್ಲ, ಹುಟ್ಟಿನ ದಾಖಲೆ. ಜಾತಿ ಅನ್ನೋದು ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಇಡುವ ವ್ಯವಸ್ಥೆ ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದು ಇದನ್ನೇ. ಆದರೂ ಚನ್ನಯ್ಯ ತನ್ನ ಅಂಕಿತದ ಒಳಗೆ ಉಳಿ, ಕತ್ತಿ, ಅಡಿಗೂಂಟಗಳನ್ನು ಇಟ್ಟುಕೊಂಡ. ಊರು ಜಾತಿ ಅಂತ ಬರೆದ ಜಾಗದಲ್ಲಿ ಅವನು ಹತಾರ ಬರೆದ. ಈ ವ್ಯತ್ಯಾಸ ನಮ್ಮ ವಿಮರ್ಶೆಗೆ ಕಾಣಬೇಕಿತ್ತು. ಕಾಣಲಿಲ್ಲ. ಎಲ್ಲವನ್ನೂ 'ಕಾಯಕ ನಿಷ್ಠೆ' ಅನ್ನೋ ಒಂದೇ ಗೋಣಿಚೀಲಕ್ಕೆ ತುಂಬಿತು.

ದಾಸಿಮಯ್ಯನ ವಿಷಯದಲ್ಲಿ ಜಗಳ ಬೇರೆ ದಾರಿ ಹಿಡಿದಿದೆ. 'ರಾಮನಾಥ' ಅಂಕಿತದ ವಚನ ಬರೆದ ಜೇಡರ ದಾಸಿಮಯ್ಯ, ಚಾಲುಕ್ಯ ರಾಣಿ ಸುಗ್ಗಲದೇವಿಗೆ ದೀಕ್ಷೆ ಕೊಟ್ಟವನೆಂಬ ದೇವರ ದಾಸಿಮಯ್ಯ, ಇವರು ಒಬ್ಬರೋ ಇಬ್ಬರೋ ಅಂತ. ಅದನ್ನು ಶಾಸನ ಓದುವವರು ತೀರ್ಮಾನ ಮಾಡಲಿ. ನಾನು ನೋಡೋದು ಎರಡು ಹೆಸರಲ್ಲಿ ಯಾವುದು ಗೆಲ್ಲುತ್ತಿದೆ ಅನ್ನೋದನ್ನು. ಜೇಡ ಅಂದರೆ ನೇಯುವವನು. ಸರ್ಕಾರಿ ಜಯಂತಿಯ ಆಹ್ವಾನಪತ್ರದಲ್ಲಿ ಇರೋದು 'ದೇವರ'. ಮಗ್ಗದಿಂದ ದೇವರಿಗೆ ಬಡ್ತಿ. ನೇಕಾರರ ಮನೆಯ ಹುಡುಗರಿಗೆ ಇದು ಯಾಕೆ ಬೇಕಾಯಿತು ಅಂತ ನನಗೆ ಅರ್ಥ ಆಗುತ್ತೆ, ನಮ್ಮ ಮನೆಯಲ್ಲೂ ಇಂಥ ಬಡ್ತಿಗಳಾಗಿವೆ.

ಜಯಂತಿ ಅಂದ ಮೇಲೆ ಇನ್ನೊಂದು ಲೆಕ್ಕ. ದೇವರ ದಾಸಿಮಯ್ಯನಿಗೆ ಒಂದು ದಿನ, ಅಂಬಿಗರ ಚೌಡಯ್ಯನಿಗೆ ಒಂದು ದಿನ, ಮಡಿವಾಳ ಮಾಚಿದೇವನಿಗೆ ಒಂದು ದಿನ. ಇರಲಿ, ಸಂತೋಷ. ಮಾದಾರ ಚನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಉರಿಲಿಂಗಪೆದ್ದಿ, ಈ ಐವರಿಗೂ ಸೇರಿಸಿ ಒಂದೇ ದಿನ, 'ಕಾಯಕ ಶರಣರ ಜಯಂತಿ'. ಉಳಿದ ಶರಣರಿಗೆ ಕಾಯಕ ಇರಲಿಲ್ಲವೇನೋ! ಹೆಸರು ಬೇರೆ ಬೇರೆ ಇದ್ದ ಐದು ಜನಕ್ಕೆ ಇಲ್ಲಿ ಒಂದೇ ಹೆಸರು ಬಂತು. ಧೂಳಯ್ಯನ ಅಂಕಿತ 'ಕಾಮಧೂಮ ಧೂಳೇಶ್ವರ', ಚನ್ನಯ್ಯನದು ಉಳಿ ಕತ್ತಿಯ ಅಂಕಿತ. ಒಬ್ಬನನ್ನು ಓದಿದರೆ ಇನ್ನೊಬ್ಬನನ್ನು ಓದಿದ ಹಾಗಲ್ಲ. ಸಭೆಯಲ್ಲಿ ಐದು ಫೋಟೋಗೆ ಒಂದೇ ಹಾರ ಹಾಕೋದಕ್ಕೆ ಆಗಲ್ಲ ಅಂತ ಐದು ಹಾರ ತರ್ತಾರೆ, ಭಾಷಣ ಮಾತ್ರ ಒಂದೇ.

ಆ ಐವರ ಪಟ್ಟಿಯಲ್ಲಿ ಉರಿಲಿಂಗಪೆದ್ದಿ ಇದ್ದಾನೆ. ಅವನ ಮನೆಯಲ್ಲೇ ಕೂತು ವಚನ ಬರೆದ ಕಾಳವ್ವೆ ಇಲ್ಲ. ಕೇಳಿದರೆ, ಯಾವ ಕಾಳವ್ವೆ ಅನ್ನುತ್ತಾರೆ.