ಕಿಸುವೊಳಲ್: ಒಂದು ನಾಮವಿಚಾರ

ಮಲಪ್ರಭೆಯ ದಡದ ಪಟ್ಟದಕಲ್ಲನ್ನು ಚಾಲುಕ್ಯರ ಪಟ್ಟಾಭಿಷೇಕದ ನೆನಪಿನಿಂದಲೇ ಗುರುತಿಸುವುದು ರೂಢಿ. ಆದರೆ ಊರಿನ ಪ್ರಾಚೀನ ನಾಮ ನೆಲದ ಬಣ್ಣದಿಂದ ಬಂದದ್ದು. ‘ಕಿಸು’ ಎಂದರೆ ಕೆಂಪು, ‘ಪೊಳಲ್’ ಎಂದರೆ ಪಟ್ಟಣ. ಸಮಾಸದಲ್ಲಿ ಪಕಾರಕ್ಕೆ ವಕಾರಾದೇಶವಾಗಿ ‘ಕಿಸುವೊಳಲ್’ ಎಂದಾಯಿತು. ಇಲ್ಲಿಯ ಕೆಂಪು ಮರಳುಗಲ್ಲನ್ನು ಕಂಡವರಿಗೆ ಬೇರೆ ನಿರುಕ್ತಿ ಬೇಕಿಲ್ಲ. ‘ರಕ್ತಪುರ’ವೆಂಬ ಸಂಸ್ಕೃತ ರೂಪವೂ ಇದೇ ಅರ್ಥವನ್ನು ಹೇಳುತ್ತದೆ.

ಶಾಸನೋಕ್ತವಾದ ‘ಪಟ್ಟದ ಕಿಸುವೊಳಲ್’ ಎಂಬಲ್ಲಿ ‘ಪಟ್ಟದ’ ಎಂಬುದು ವಿಶೇಷಣ. ಕಾಲಾಂತರದಲ್ಲಿ ವಿಶೇಷಣವುಳಿದು ಮೂಲನಾಮ ಮರೆಯಾಯಿತು.

ಕ್ರಿ.ಶ. ೯ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕೊಪಣ, ಪುಲಿಗೆರೆ, ಒಂಕುಂದಗಳೊಡನೆ ಹೆಸರಿಸಿದ್ದು ಈ ಕಿಸುವೊಳಲನ್ನೇ. ಅರಸರ ಪಟ್ಟವನ್ನಷ್ಟೇ ನೆನೆದು ಈ ಹೆಸರನ್ನು ಮರೆತರೆ, ಆ ಪದ್ಯದ ಅರ್ಧ ಭೂಗೋಳ ನಮ್ಮ ವಿದ್ಯಾರ್ಥಿಗಳಿಗೆ ಬರಿಯ ಶಬ್ದವಾಗಿ ಉಳಿದೀತು.