ನೆರೆಮನೆಯೂ ಶರಣಧರ್ಮವೂ

ಬಸವಣ್ಣನವರ ವಚನಗಳಲ್ಲಿ ಹಲವು ಜನರ ನಾಲಗೆಯ ಮೇಲೆ ಗಾದೆಗಳಂತೆ ನೆಲೆಸಿವೆ. ಹೀಗೆ ಗಾದೆಯಾದ ವಚನಕ್ಕೆ ಒಂದು ಅಪಾಯವೂ ಉಂಟು: ಅದನ್ನು ಉದ್ಧರಿಸುವವನು ತನಗೆ ಬೇಕಾದ ಅರ್ಥವನ್ನಷ್ಟೇ ಹೊರಡಿಸಿಕೊಳ್ಳುತ್ತಾನೆ. ಲೋಕದ ಡೊಂಕನ್ನು ತಿದ್ದಹೊರಟವರನ್ನು ಕುರಿತ ಪ್ರಸಿದ್ಧ ವಚನಕ್ಕೆ ಒದಗಿರುವ ಗತಿ ಇದೇ. ಮೊದಲು ತಮ್ಮ ತನುಮನಗಳನ್ನು ಸರಿಪಡಿಸಿಕೊಳ್ಳಬೇಕೆಂದು ತಿಳಿಸಿ, ಪಕ್ಕದ ಮನೆಯ ಸಂಕಟಕ್ಕೆ ಕಣ್ಣೀರಿಡುವವರು ದೇವರಿಗೆ ಪ್ರಿಯರಲ್ಲವೆಂದು ಅದು ಮುಗಿಯುತ್ತದೆ. ಇದನ್ನೇ ಆಧಾರವಾಗಿ ಹಿಡಿದು, ಅವರವರ ಪಾಡು ಅವರವರಿಗೆ ಎಂದು ಬಾಗಿಲು ಮುಚ್ಚಿಕೊಳ್ಳುವವರು ಇಂದು ಕಡಿಮೆಯಿಲ್ಲ. ದಯೆಯಿಲ್ಲದ ಧರ್ಮವನ್ನೇ ಒಪ್ಪದ ಬಸವಣ್ಣನವರು ನೆರೆಯವರಲ್ಲಿ ನಿರ್ದಯರಾಗಿರೆಂದು ಹೇಳಿಯಾರೆ?

ವಚನದ ಪದಗಳನ್ನು ಗಮನಿಸಬೇಕು. ಅಲ್ಲಿ ಅಳುವವರ ಪ್ರಸ್ತಾಪವಿದೆಯೇ ಹೊರತು ನೀಡುವವರ ಪ್ರಸ್ತಾಪವಿಲ್ಲ. ತನ್ನ ಡೊಂಕು ಹಾಗೆಯೇ ಉಳಿದಿರಲು, ಪರರ ದುಃಖವನ್ನು ನೆಪಮಾಡಿಕೊಂಡು ತಾನು ಮರುಕವುಳ್ಳವನೆಂದು ತೋರಿಸಿಕೊಳ್ಳುವ ಆಡಂಬರ ಇಲ್ಲಿ ಖಂಡನೆಗೆ ಗುರಿಯಾಗಿದೆ. ಅಳುವುದು ಸುಲಭ, ಅದರಿಂದ ನೆರೆಯವನ ಒಲೆ ಉರಿಯದು.

ಈ ಅರ್ಥಕ್ಕೆ ಅವರದೇ ಇನ್ನೊಂದು ವಚನ ಸಾಕ್ಷಿಯಾಗಿದೆ. ಕಾಗೆ ಸಿಕ್ಕ ಅಗುಳನ್ನು ಒಂಟಿಯಾಗಿ ತಿನ್ನದು. ಕೋಳಿಯೂ ಒಂದು ಗುಟುಕಿಗೆ ತನ್ನವರನ್ನು ಕೂಗುತ್ತದೆ. ಭಕ್ತನಾದವನಲ್ಲಿ ಅಷ್ಟೂ ಇಲ್ಲದಿದ್ದರೆ ಅವನು ಆ ಪಕ್ಷಿಗಳಿಗಿಂತ ಕೀಳೆಂಬುದು ಅಲ್ಲಿನ ನಿರ್ಣಯ. ಆದರೆ ಇಲ್ಲೊಂದು ಆಕ್ಷೇಪ ಏಳಬಹುದು. ಕಾಗೆ ಕರೆಯುವುದು ಕಾಗೆಗಳನ್ನೇ ಅಲ್ಲವೆ? ತನ್ನ ಮತದವರನ್ನೂ ಬಂಧುಗಳನ್ನೂ ಪಂಕ್ತಿಗೆ ಕರೆದರೆ ಧರ್ಮ ತೀರಿತೆ? ಆಕ್ಷೇಪ ಸರಿಯಾದುದೇ, ಆ ವಚನ ಭಕ್ತಪಕ್ಷವನ್ನೇ ಕುರಿತು ನುಡಿಯುತ್ತದೆ. ಎದುರು ಬಂದವನನ್ನು ಯಾರವನೆಂದು ಕೇಳದೆ ತಮ್ಮವನೆಂದೇ ಎಣಿಸಬೇಕೆನ್ನುವ ವಚನವನ್ನು ಅದರ ಜೊತೆಗಿಟ್ಟು ಓದಿದಾಗಲೇ ಬಸವಣ್ಣನವರ ಅಭಿಪ್ರಾಯ ಪೂರ್ಣವಾಗುತ್ತದೆ. ಕರೆದು ಉಣ್ಣುವ ಗುಣವನ್ನು ಹಕ್ಕಿಯಿಂದ ಕಲಿತು, ಬಳಗದ ಎಲ್ಲೆಯನ್ನು ಮನುಷ್ಯನೇ ಹಿಗ್ಗಿಸಿಕೊಳ್ಳಬೇಕು.

ನೆರೆಹೊರೆಯ ಧರ್ಮಕ್ಕೆ ಮಿತಿಮೀರಿ ತೆಗೆದುಕೊಳ್ಳದಿರುವ ಮುಖವೂ ಉಂಟು. ಶೂನ್ಯಸಂಪಾದನೆಯಲ್ಲಿ ಸ್ಥಾನ ಪಡೆದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗ ಸರ್ವವಿದಿತ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದು ಆಸೆಯ ಫಲವೆಂದು ಬಗೆದ ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸುವಂತೆ ಹೇಳುತ್ತಾರೆ. ತಮಗೆ ಸಾಕಾದುದು ಎಷ್ಟೆಂದು ಅರಿತ ಆ ಬಡ ಮನೆಯಲ್ಲಿಯೇ ದಾಸೋಹ ನಡೆಯಿತು.

ಒಂದು ಕಾಲಕ್ಕೆ ಒಲೆಗೆ ಕೆಂಡವೂ ಹೆಪ್ಪಿಗೆ ಮಜ್ಜಿಗೆಯೂ ಪಕ್ಕದ ಮನೆಯಿಂದ ಬರುತ್ತಿದ್ದವು. ಆ ಹಳೆಯ ಊರನ್ನು ಹೊಗಳುವವರು, ಆ ಕೆಂಡ ಎಲ್ಲ ಕೇರಿಗಳಿಗೂ ಹೋಗುತ್ತಿರಲಿಲ್ಲವೆಂಬುದನ್ನು ಮರೆಯಬಾರದು. ಎಲ್ಲವೂ ಹಣಕ್ಕೆ ದೊರೆಯುವ ಇಂದಿನ ನಗರಗಳಲ್ಲಿ ಕೊಡುಕೊಳೆಯೇ ತಪ್ಪಿ, ಒಂದೇ ಗೋಡೆಯ ಆಚೀಚೆಯವರು ಪರಸ್ಪರರ ಹೆಸರರಿಯದೆ ವರ್ಷಗಳನ್ನು ಕಳೆಯುತ್ತಾರೆ. 2020ರಲ್ಲಿ ಕೊರೊನಾ ರೋಗ ಹಬ್ಬಿದಾಗ ಈ ಬಾಳುವೆ ಪರೀಕ್ಷೆಗೊಳಗಾಯಿತು. ರೋಗಿಯ ಮನೆಯತ್ತ ನೋಡಲೂ ಅಂಜಿದವರಿದ್ದರು. ದೂರದಿಂದ ಮರುಗಿದವರು ಬಹಳ. ಯಾರ ಮನೆಯೆಂದು ವಿಚಾರಿಸದೆ ಹೊಸ್ತಿಲಲ್ಲಿ ಅನ್ನದ ಪಾತ್ರೆಯನ್ನಿಟ್ಟು ಹೋದವರೂ ಇದ್ದರು. ಬಸವಣ್ಣನವರ ಆ ವಚನವನ್ನು ಸರಿಯಾಗಿ ಓದಿದವರು ಇವರೇ.