ಕತ್ತಲ ರಾತ್ರಿಗೆ ಹೊರಟವರಿಗೆ

2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖನ್ ಸುಲ್ತಾನರ ಕಾಲದ ಕಲೆಯದೊಂದು ದೊಡ್ಡ ಪ್ರದರ್ಶನ ನಡೆಸಿತು. ಚಿತ್ರಪಟ, ಒಡವೆಗಳ ನಡುವೆ ಮೊಹರಮ್ಮಿನ ಆಲಂಗಳೂ ಇದ್ದವು. ನಮ್ಮ ಸಿಂಧನೂರು, ಮಸ್ಕಿ ಕಡೆಯ ಮಂದಿಗೆ ಆಲಂ ಅಂದರೆ ಪೀರಲದೇವರು. ವರ್ಷವೆಲ್ಲ ಪೆಟ್ಟಿಗೆಯಲ್ಲಿದ್ದು, ಮೊಹರಂ ಚಂದ್ರ ಕಂಡ ಮೇಲೆ ಹೊರಬಂದು, ಹತ್ತನೇ ದಿನಕ್ಕೆ ಮತ್ತೆ ಒಳಗೆ. ಹೊರಗಿದ್ದಷ್ಟು ದಿನವೂ ಹಲಗೆ, ಹಾಡು, ಬೆಂಕಿ ಜೊತೆಗಿರುತ್ತವೆ. ಹಾಡಿಲ್ಲದೆ ಆಲಂ ನೋಡಿದವರು ಅರ್ಧವನ್ನಷ್ಟೇ ನೋಡಿದ ಹಾಗೆ.

ಪೂರ್ತಿ ನೋಡುವ ಆಸೆಯಿದ್ದರೆ ಮಸ್ಕಿ, ಲಿಂಗಸುಗೂರು ದಾಟಿ ಮುದಗಲ್ಲಿಗೆ ನಡೆಯಿರಿ. ಅಲ್ಲಿನ ಹುಸೇನಿ ಆಲಂ ದರ್ಗಾದ ಮೊಹರಂ ಸುತ್ತಲಿನ ಸೀಮೆಗೆಲ್ಲ ಹೆಸರಾದದ್ದು. ಹೋಗಬೇಕಾದ್ದು ಒಂಬತ್ತನೇ ದಿನದ ರಾತ್ರಿ. ಅದರ ಹೆಸರು ಕತಲ್ ರಾತ್ರಿ. ಅರಬ್ಬಿಯ ‘ಕತಲ್’ ಅಂದರೆ ಕೊಲೆ. ನಮ್ಮವರ ಬಾಯಲ್ಲಿ ಅದು ‘ಕತ್ತಲ ರಾತ್ರಿ’ ಆಯಿತು. ತಪ್ಪು ಉಚ್ಚಾರಣೆ ಅನ್ನುವವರು ಅನ್ನಲಿ, ಕ್ರಿ.ಶ. 680ರಲ್ಲಿ ಕರ್ಬಲಾದ ಯುದ್ಧದಲ್ಲಾದ ಹುಸೇನರ ಸಾವಿಗೆ ಇದಕ್ಕಿಂತ ಒಪ್ಪುವ ಕನ್ನಡ ಪದ ನನಗಂತೂ ಸಿಕ್ಕಿಲ್ಲ. ಚಾಂದ್ರಮಾನದ ಲೆಕ್ಕವಾದ್ದರಿಂದ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಹತ್ತನೇ ದಿನ 2024ರಲ್ಲಿ ಜುಲೈ 17ಕ್ಕೆ ಬಂದಿತ್ತು, 2025ರಲ್ಲಿ ಜುಲೈ 6ಕ್ಕೆ.

ಮೊದಲು ಕಣ್ಣಿಗೆ ಕೆಲಸ. ಆಲಂ ತುದಿಯ ಕೈಯಾಕಾರದ ಪಂಜದ ಐದು ಬೆರಳು ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್ ಎಂಬ ಐವರು. ಹಸಿರು ಬಟ್ಟೆ ವಿಷಕ್ಕೆ ಬಲಿಯಾದ ಹಸನರದು, ಕೆಂಪು ಬಟ್ಟೆ ರಕ್ತ ಚೆಲ್ಲಿದ ಹುಸೇನರದು ಎನ್ನುತ್ತಾರೆ. ಕರೆಂಟಿನ ಬೆಳಕಿನಲ್ಲಿ ಲೋಹ ಬರೀ ಲೋಹ. ಅಲಾಯಿ ಕುಣಿಯ ಬೆಂಕಿ ಎದ್ದಾಗ ನೋಡಿ: ಹೊತ್ತವರ ಹೆಜ್ಜೆಗೆ ಪಂಜ ತೂಗುತ್ತದೆ, ಉರಿ ಅದರ ಮೇಲೆ ಓಡಾಡುತ್ತದೆ. ದೇವರು ಉಸಿರಾಡಿತು ಅಂತ ಮುದುಕಿಯರು ಕೈ ಮುಗಿಯುವುದು ಆಗಲೇ.

ಆಮೇಲೆ ಕಿವಿ. ಹೊಸಬರು ಹಲಗೆಯ ಪೆಟ್ಟಿಗೆ ಮರುಳಾಗಿ ಪದ ಕಳೆದುಕೊಳ್ಳುತ್ತಾರೆ. ರಿವಾಯತ್ ಪದ ಕಥೆ ಹೇಳುವ ಹಾಡು. ಮುಂದಿನವನು ನುಡಿ ಎತ್ತುತ್ತಾನೆ, ಮೇಳದವರು ಹೆಜ್ಜೆ ಹಾಕುತ್ತ ಅದನ್ನು ಹೊತ್ತು ತಿರುಗುತ್ತಾರೆ. ಹಸನರ ಮಗ ಖಾಸೀಮನ ಮದುವೆಯ ಪ್ರಸಂಗ ಬಂದಾಗ ಎಚ್ಚರದಿಂದಿರಿ. ಯುದ್ಧಕ್ಕೆ ಹೊರಟ ಮದುಮಗ. ಅರಿಸಿನ ಆರುವ ಮೊದಲೇ ಸಾವು. ಕುಣಿಯುತ್ತಿದ್ದವರ ದನಿ ಅಲ್ಲಿ ಇಳಿಯುತ್ತದೆ, ಹೆಜ್ಜೆ ಮಾತ್ರ ನಿಲ್ಲುವುದಿಲ್ಲ. ಶೋಕಕ್ಕೆ ಕುಣಿತವೇ ಎಂದು ಕೇಳುವವರಿಗೆ ಉತ್ತರ ಆ ಗಳಿಗೆಯಲ್ಲಿದೆ. ಕೆಲವು ಮೇಳಗಳು ಕರ್ಬಲಾ ಬಿಟ್ಟು ಮಹಾಭಾರತಕ್ಕೂ ಹೋಗುತ್ತವೆ. ಅಭಿಮನ್ಯುವಿಗೂ ಖಾಸೀಮನಿಗೂ ದೂರವೇನಿಲ್ಲ ಬಿಡಿ. ಎರಡು ಮೇಳ ಎದುರಾದರೆ ಸವಾಲು ಜವಾಬು. ಆಗ ರಾತ್ರಿ ಹೋದದ್ದೇ ಗೊತ್ತಾಗದು.

ಹುಲಿವೇಷ ಅಡ್ಡ ಬಂದರೆ ಬೇಸರ ಬೇಡ, ಅದು ಯಾರದೋ ಹರಕೆ. ಡಿಜೆ ಬಂದರೆ ಮಾತ್ರ ಬೇರೆ ಓಣಿ ಹಿಡಿಯಿರಿ. ಹಳ್ಳಿಯ ಹಾಡುಗಾರರ ಗಂಟಲನ್ನು ಅದರಷ್ಟು ಹಾಳು ಮಾಡಿದ್ದು ಇನ್ನೊಂದಿಲ್ಲ.

ಚಪ್ಪಲಿ ದೂರ ಬಿಡಿ. ಸಕ್ಕರೆ ಓದಿಸಿ ಕೊಟ್ಟರೆ ಎರಡೂ ಕೈ ಒಡ್ಡಿ. ಮನೆಯಲ್ಲಿ ಚೊಂಗೆ ಇಟ್ಟರೆ ಒಲ್ಲೆ ಅನ್ನಬೇಡಿ. ಕೊಡುವವರು ಯಾವ ಜಾತಿಯವರು ಎಂದು ಊಹಿಸಲು ಹೋಗಬೇಡಿ. ಒಂದು ಮುಸ್ಲಿಂ ಮನೆಯೂ ಇಲ್ಲದ ಹಳ್ಳಿಗಳೂ ಈ ಹಬ್ಬ ಮಾಡುತ್ತವೆ. ಫೋನನ್ನು ಕಿಸೆಯಲ್ಲಿಡಿ, ಪದದ ಕೊನೆಯ ನುಡಿಗೊಮ್ಮೆ ಬೇಕಾದರೆ ತೆಗೆಯಿರಿ. ಕವಿಯ ಊರು, ಹೆಸರು ಹೆಚ್ಚಾಗಿ ಬರುವುದು ಅಲ್ಲೇ. ಅದನ್ನು ಬರೆದುಕೊಂಡು ಬನ್ನಿ.